ನಿಂತುಹೋದ ವಿದ್ಯುತ್ ಗಡಿಯಾರಗಳು: ಗುರುತಿಸುವ ಬಗೆ, ದುರಸ್ತಿಯ ಕ್ರಮ

ಹಳೆಯ ವಾಣಿಜ್ಯ ಸಂಸ್ಥೆಗಳ ಕಚೇರಿಗಳು ನವೀಕರಣಗೊಳ್ಳುವಾಗ ಗೋಡೆಯಿಂದ ಮೊದಲು ಇಳಿಯುವ ವಸ್ತುಗಳಲ್ಲಿ ಗಡಿಯಾರವೂ ಒಂದು. ಅದು ಕೀಲಿ ಕೊಡುವ ಲೋಲಕದ ಗಡಿಯಾರವಾಗಿದ್ದರೆ ಅದರ ಅದೃಷ್ಟ ಪರವಾಗಿಲ್ಲ. ತಾತನ ಕಾಲದ್ದೆಂದು ಪಾಲುದಾರರಲ್ಲೊಬ್ಬರು ಮನೆಗೆ ಒಯ್ಯುತ್ತಾರೆ, ಇಲ್ಲವೇ ಹಳೆಯ ವಸ್ತುಗಳ ವ್ಯಾಪಾರಿ ಒಂದಿಷ್ಟು ಬೆಲೆ ಕೊಟ್ಟು ಕೊಂಡೊಯ್ಯುತ್ತಾನೆ. ವಿದ್ಯುತ್ ಗಡಿಯಾರಕ್ಕೆ ಆ ಭಾಗ್ಯವಿಲ್ಲ. ಅದಕ್ಕೆ ಕೀಲಿಯ ರಂಧ್ರವಿಲ್ಲ, ಇಂದಿನ ಸೆಲ್ ಹಾಕುವ ಜಾಗವಿಲ್ಲ. ಹಿಂಬದಿಯಲ್ಲಿ ಬಟ್ಟೆ ಸುತ್ತಿದ ಎರಡು ತುಂಡು ತಂತಿಗಳಷ್ಟೇ ಜೋತಾಡುತ್ತಿರುತ್ತವೆ. "ಕರೆಂಟಿನದು, ಕೆಟ್ಟುಹೋಗಿದೆ" ಎಂಬ ಒಂದೇ ತೀರ್ಪಿನೊಂದಿಗೆ ಅದು ಗುಜರಿಯ ತಕ್ಕಡಿಯನ್ನೇರುತ್ತದೆ. ಹಿತ್ತಾಳೆ ಒಂದು ಕಡೆಗೆ, ತಾಮ್ರ ಒಂದು ಕಡೆಗೆ, ಮರದ ಪೆಟ್ಟಿಗೆ ಮತ್ತೊಂದು ಕಡೆಗೆ ಹೋಗುತ್ತದೆ.

ಹೀಗೆ ತೂಕಕ್ಕೆ ಮಾರಾಟವಾಗುವ ಗಡಿಯಾರಗಳಲ್ಲಿ ಬಹುಪಾಲು ಕೆಟ್ಟಿರುವುದೇ ಇಲ್ಲ ಎಂಬುದು ವಿಷಾದದ ಸಂಗತಿ. ಅವುಗಳಿಗೆ ಬೇಕಾದ ವಿದ್ಯುತ್ತು ಯಾವ ಬಗೆಯದೆಂಬುದು ಮರೆತುಹೋಗಿದೆ, ಅಷ್ಟೆ. ಇನ್ನು ಕೆಲವು ಗಡಿಯಾರಗಳು ಗುಜರಿಯಿಂದ ಪಾರಾಗಿಯೂ "ಪರೀಕ್ಷೆ"ಯಲ್ಲಿ ನಾಶವಾಗುತ್ತವೆ. ಹೆಸರು ಬೇಡ, ಒಂದು ಹಳೆಯ ಸಂಸ್ಥೆಯ ಮಾಲೀಕರು ತಮ್ಮ ಸಭಾಂಗಣದ ಗಡಿಯಾರವನ್ನು ಪ್ರೀತಿಯಿಂದಲೇ ಉಳಿಸಿಕೊಂಡಿದ್ದರು. ವೈರಿಂಗ್ ಕೆಲಸಕ್ಕೆ ಬಂದವನು ಅದರ ಎರಡು ತಂತಿಗಳಿಗೆ ಪ್ಲಗ್ ಜೋಡಿಸಿ ಸ್ವಿಚ್ ಒತ್ತಿದ. ಒಂದೂವರೆ ವೋಲ್ಟಿನ ಸುತ್ತು 230 ವೋಲ್ಟನ್ನು ಒಂದು ಕ್ಷಣವೂ ತಾಳಲಿಲ್ಲ. ಆದ್ದರಿಂದ ಈ ಲೇಖನದ ಮೊದಲ ಮಾತು: ಯಾವ ಬಗೆಯ ಗಡಿಯಾರವೆಂದು ಖಚಿತವಾಗುವವರೆಗೆ ಅದನ್ನು ಯಾವ ವಿದ್ಯುತ್ ಮೂಲಕ್ಕೂ ಜೋಡಿಸಬಾರದು.

ಮೂರು ಕುಟುಂಬಗಳು

ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೈನ್ 1841ರಲ್ಲಿ ವಿದ್ಯುತ್ ಗಡಿಯಾರಕ್ಕೆ ಪೇಟೆಂಟ್ ಪಡೆದಂದಿನಿಂದ ಸ್ಫಟಿಕದ, ಎಂದರೆ ಕ್ವಾರ್ಟ್ಜ್ ಗಡಿಯಾರಗಳು ಮನೆಮನೆಗೆ ಬಂದ 1970ರ ದಶಕದವರೆಗೆ ನೂರಾರು ಮಾದರಿಗಳು ತಯಾರಾದವು. ಆದರೂ ವ್ಯಾಪಾರಿಯ ಹಾಗೂ ದುರಸ್ತಿಗಾರನ ಅನುಕೂಲಕ್ಕಾಗಿ ಅವನ್ನು ಮೂರು ಕುಟುಂಬಗಳಾಗಿ ನೋಡಿದರೆ ಸಾಕು. ತನ್ನದೇ ಸೆಲ್ಲಿನಿಂದ ಲೋಲಕವನ್ನೋ ತೂಗುಚಕ್ರವನ್ನೋ ತಳ್ಳಿಕೊಂಡು ನಡೆಯುವ ಒಂಟಿ ಗಡಿಯಾರ ಮೊದಲನೆಯದು. ಒಂದು ಪ್ರಧಾನ ಗಡಿಯಾರ ಮತ್ತು ಅದು ಕಳಿಸುವ ಮಿಡಿತಗಳಿಗೆ ಹೆಜ್ಜೆ ಹಾಕುವ ಅನೇಕ ಅಧೀನ ಗಡಿಯಾರಗಳ ವ್ಯವಸ್ಥೆ ಎರಡನೆಯದು. ಬೀದಿಯ ವಿದ್ಯುತ್ ಪೂರೈಕೆಯ ಆವರ್ತನವನ್ನೇ ತಾಳವಾಗಿಟ್ಟುಕೊಂಡು ತಿರುಗುವ ಸಿಂಕ್ರೊನಸ್ ಗಡಿಯಾರ ಮೂರನೆಯದು. ಒಂದರ ಚಿಕಿತ್ಸೆ ಇನ್ನೊಂದಕ್ಕೆ ವಿಷ.

ಸೆಲ್ಲಿನ ಒಂಟಿ ಗಡಿಯಾರಗಳು

ಇವು ನೋಡಲು ಅಂದವಾಗಿರುವುದರಿಂದ ಸಂಗ್ರಾಹಕರ ಕಣ್ಣು ಮೊದಲು ಬೀಳುವುದು ಇವುಗಳ ಮೇಲೆಯೇ. ಫ್ರಾನ್ಸಿನ ಮಾರಿಸ್ ಫಾವ್ರ್-ಬುಲ್ 1920ರ ದಶಕದಲ್ಲಿ ಮಾರುಕಟ್ಟೆಗೆ ತಂದ 'ಬುಲ್' ಗಡಿಯಾರವನ್ನು ಗುರುತಿಸುವುದು ಸುಲಭ. ಲೋಲಕದ ತುದಿಯಲ್ಲಿ ಗುಂಡಿನ ಬದಲು ತಂತಿಯ ಸುರುಳಿಯಿರುತ್ತದೆ; ಅದು ಬಿಲ್ಲಿನಂತೆ ಬಾಗಿದ ಕಾಂತದ ಸಲಾಕೆಯನ್ನು ತನ್ನ ಮಧ್ಯದಲ್ಲಿ ತೂರಿಸಿಕೊಂಡು ಅತ್ತಿಂದಿತ್ತ ತೂಗುತ್ತದೆ. ಆ ಸಲಾಕೆ ಸಾಮಾನ್ಯ ಕಾಂತವಲ್ಲ. ಅದರ ಎರಡು ತುದಿಗಳಲ್ಲಿ ಒಂದೇ ಜಾತಿಯ ಧ್ರುವವೂ ನಡುವೆ ವಿರುದ್ಧ ಧ್ರುವವೂ ಇರುತ್ತವೆ. ಇದನ್ನರಿಯದೆ "ಕಾಂತ ಸೊರಗಿದೆ" ಎಂದು ಸಾಮಾನ್ಯ ರೀತಿಯಲ್ಲಿ ಮತ್ತೆ ಕಾಂತೀಕರಿಸಿದರೆ ಗಡಿಯಾರ ಶಾಶ್ವತವಾಗಿ ನಿಂತಂತೆಯೇ. ಫ್ರಾನ್ಸಿನವರೇ ಆದ ಲಿಯಾನ್ ಹಾಟೊ ಅವರ 'ಆಟೋ' ಗಡಿಯಾರದಲ್ಲಿ ಇದರ ತಿರುವುಮುರುವು: ಕಾಂತ ಲೋಲಕದ ಮೇಲಿದ್ದು, ಸುರುಳಿ ಸ್ಥಿರವಾಗಿರುತ್ತದೆ. ಲಂಡನ್ನಿನ 'ಯುರೇಕಾ'ದಲ್ಲಿ ಲೋಲಕವೇ ಇಲ್ಲ. 1906ರ ಪೇಟೆಂಟಿನ ಮೇಲೆ ತಯಾರಾಗಿ ಮೊದಲ ಮಹಾಯುದ್ಧದ ಹೊತ್ತಿಗೆ ನಿಂತುಹೋದ ಈ ಗಡಿಯಾರದಲ್ಲಿ ಅಂಗೈಯಗಲದ ತೂಗುಚಕ್ರವೊಂದು ನಿಧಾನವಾಗಿ, ಗಾಂಭೀರ್ಯದಿಂದ ಹೊರಳಾಡುತ್ತಿರುತ್ತದೆ. ಒಮ್ಮೆ ಕಂಡವರು ಅದನ್ನು ಮರೆಯಲಾರರು.

ಇವುಗಳಿಗೆಲ್ಲ ಒಂದೂವರೆ ವೋಲ್ಟು ಸಾಕು. ಬುಲ್ ಗಡಿಯಾರದ ಸುರುಳಿ ಸಾವಿರ ಓಮಿಗೂ ಮಿಕ್ಕಿದ ರೋಧದ್ದಾದ್ದರಿಂದ ಅದು ಎಳೆಯುವ ವಿದ್ಯುತ್ತು ಅತ್ಯಲ್ಪ. ಒಂಬತ್ತು ವೋಲ್ಟಿನ ಬ್ಯಾಟರಿ ಹಾಕಿ ಓಡಿಸಿ ತೋರಿಸುವ ಮಾರಾಟಗಾರರಿದ್ದಾರೆ. ಗಡಿಯಾರ ಹಾಗೆಯೂ ಓಡುತ್ತದೆ. ಆದರೆ ಲೋಲಕ ಅತಿಯಾಗಿ ತೂಗುತ್ತದೆ, ಸಮಯ ತಪ್ಪುತ್ತದೆ, ಸಂಪರ್ಕಬಿಂದುಗಳು ಬೇಗ ಸುಡುತ್ತವೆ. ಒಂದೂವರೆ ವೋಲ್ಟಿನಲ್ಲಿ ನಡೆಯದ ಗಡಿಯಾರಕ್ಕೆ ಬೇಕಾದದ್ದು ಶುಚಿತ್ವವೇ ಹೊರತು ಹೆಚ್ಚಿನ ವೋಲ್ಟಲ್ಲ. ಧ್ರುವತೆಯನ್ನೂ ಗಮನಿಸಬೇಕು. ಬುಲ್ ಗಡಿಯಾರದಲ್ಲಿ ಧನ-ಋಣ ಅದಲುಬದಲಾದರೆ ಲೋಲಕಕ್ಕೆ ತಳ್ಳುವಿಕೆಯ ಬದಲು ತಡೆ ಸಿಗುತ್ತದೆ. ಎಷ್ಟೋ "ಕೆಟ್ಟ" ಬುಲ್ ಗಡಿಯಾರಗಳು ಎರಡು ತಂತಿಗಳನ್ನು ಅದಲುಬದಲು ಮಾಡಿದೊಡನೆ ನಡೆದಿವೆ.

ಸುರುಳಿಯ ತಂತಿ ತಲೆಗೂದಲಿನಷ್ಟು ತೆಳುವಾದದ್ದು. ಮಲ್ಟಿಮೀಟರಿನಲ್ಲಿ ಅದು ಕಡಿದಿರುವಂತೆ ಕಂಡರೂ ಕೂಡಲೇ ಬಿಚ್ಚಿ ಸುತ್ತಲು ಹೊರಡಬಾರದು. ಕಡಿತವು ಸಾಮಾನ್ಯವಾಗಿ ಹೊರತುದಿಯಲ್ಲಿ, ಬೆಸುಗೆಯ ಬಳಿಯೇ ಇರುತ್ತದೆ. ಭೂತಗನ್ನಡಿ ಮತ್ತು ತಾಳ್ಮೆ ಇದ್ದರೆ ಅಲ್ಲೇ ಸರಿಪಡಿಸಬಹುದು.

ಪ್ರಧಾನ ಗಡಿಯಾರ ಮತ್ತು ಅದರ ಪರಿವಾರ

ನಮ್ಮ ಓದುಗರಿಗೆ ಹೆಚ್ಚು ಪ್ರಸ್ತುತವಾದದ್ದು ಎರಡನೆಯ ಕುಟುಂಬ. ಗಿರಣಿ, ಬ್ಯಾಂಕು, ರೈಲು ನಿಲ್ದಾಣ, ದೊಡ್ಡ ಶಾಲೆಗಳಲ್ಲಿ ಹತ್ತಾರು ಗಡಿಯಾರಗಳು ಒಂದೇ ಸಮಯ ತೋರಿಸಬೇಕಾದ ಕಡೆಗಳಿಗಾಗಿಯೇ ಇವು ಹುಟ್ಟಿದವು. ನಮ್ಮ ದೇಶದ ಹೆಸರಾಂತ ಉದಾಹರಣೆ ಹೌರಾ ರೈಲು ನಿಲ್ದಾಣದ 'ಬೊರೊ ಘೊರಿ', ಎಂದರೆ ದೊಡ್ಡ ಗಡಿಯಾರ. ಇಂಗ್ಲೆಂಡಿನ ಲೆಸ್ಟರ್ ನಗರದ ಜೆಂಟ್ಸ್ ಸಂಸ್ಥೆ ತಯಾರಿಸಿದ, ಎರಡು ಮುಖಗಳ ಈ ಗಡಿಯಾರ 1926ರಲ್ಲಿ ಅಲ್ಲಿ ಸ್ಥಾಪನೆಯಾಯಿತು. ಬಂಗಾಳದವರಿಗೆ ಅದು ಸಮಯ ನೋಡುವ ಸಾಧನವಷ್ಟೇ ಅಲ್ಲ. "ಗಡಿಯಾರದ ಕೆಳಗೆ ಸಿಗೋಣ" ಎಂಬುದು ಅಲ್ಲಿ ತಲೆಮಾರುಗಳಿಂದ ನಡೆದುಬಂದ ಮಾತು.

ಈ ವರ್ಗದಲ್ಲಿ ಅತ್ಯಂತ ಪ್ರಸಿದ್ಧವಾದದ್ದು 'ಸಿಂಕ್ರೊನೋಮ್'. ಫ್ರಾಂಕ್ ಹೋಪ್-ಜೋನ್ಸ್ ಮತ್ತು ಜಾರ್ಜ್ ಬೊವೆಲ್ ಎಂಬಿಬ್ಬರು 1895ರಲ್ಲಿ ಪಡೆದ ಪೇಟೆಂಟಿನಿಂದ ಇದರ ಚರಿತ್ರೆ ಆರಂಭವಾಗುತ್ತದೆ. ನಾಲ್ಕು ಅಡಿಗೂ ಎತ್ತರದ, ಗಾಜಿನ ಬಾಗಿಲಿನ ಮರದ ಪೆಟ್ಟಿಗೆ. ಒಳಗೆ ಸುಮಾರು ಒಂದು ಮೀಟರ್ ಉದ್ದದ ಲೋಲಕ, ಅದಕ್ಕೆ ಭಾರವಾದ ದುಂಡು ಗುಂಡು. ಆದರೆ ಗಡಿಯಾರವೆಂದರೆ ಹಲ್ಲುಚಕ್ರಗಳ ಸರಮಾಲೆ ಎಂದು ತಿಳಿದವರಿಗೆ ಇದರ ಒಳಭಾಗ ಅಚ್ಚರಿ ತರುತ್ತದೆ. ಅಲ್ಲಿ ಸಮಯವನ್ನು ಎಣಿಸಲು ಇರುವುದು ಹದಿನೈದು ಹಲ್ಲುಗಳ ಒಂದೇ ಒಂದು ಹಗುರ ಚಕ್ರ.

ಕಾರ್ಯವಿಧಾನ ಹೀಗಿದೆ. ಲೋಲಕ ಒಮ್ಮೆ ಹೋಗಿ ಬರಲು ಎರಡು ಸೆಕೆಂಡ್ ಬೇಕು. ಪ್ರತಿ ಸಲವೂ ಅದು ಸಣ್ಣ ಕೊಕ್ಕೆಯಿಂದ ಚಕ್ರದ ಒಂದು ಹಲ್ಲನ್ನು ಎಳೆಯುತ್ತದೆ. ಹದಿನೈದು ಹಲ್ಲು ಮುಗಿದಾಗ ಮೂವತ್ತು ಸೆಕೆಂಡ್ ಆಗಿರುತ್ತದೆ. ಆಗ ಚಕ್ರಕ್ಕೆ ಅಂಟಿಕೊಂಡ ಸಣ್ಣ ರೆಕ್ಕೆಯೊಂದು ಮೇಲೆ ಸಿಕ್ಕಿಸಿಟ್ಟ ತೂಕದ ತೋಳನ್ನು ಬಿಡಿಸುತ್ತದೆ. ತೋಳಿನ ಉರುಳೆಯು ಲೋಲಕದ ಮೇಲಿನ ಇಳಿಜಾರಿನಲ್ಲಿ ಉರುಳುತ್ತ ಅದಕ್ಕೆ ಮೃದುವಾದ ತಳ್ಳುವಿಕೆಯನ್ನು ಕೊಟ್ಟು, ಕೆಳಗಿನ ಸಂಪರ್ಕಬಿಂದುವಿನ ಮೇಲೆ ಬೀಳುತ್ತದೆ. ಮಂಡಲ ಪೂರ್ಣಗೊಂಡು ವಿದ್ಯುತ್ಕಾಂತ ಜಾಗೃತವಾಗಿ ತೋಳನ್ನು ಮತ್ತೆ ಮೇಲಕ್ಕೆಸೆಯುತ್ತದೆ. ಅದೇ ಕ್ಷಣದ ಅದೇ ವಿದ್ಯುತ್ತು ಕಟ್ಟಡದ ಎಲ್ಲ ಅಧೀನ ಗಡಿಯಾರಗಳ ಮೂಲಕ ಹಾದು, ಪ್ರತಿಯೊಂದರ ನಿಮಿಷದ ಮುಳ್ಳನ್ನೂ ಅರ್ಧ ನಿಮಿಷ ಮುಂದಕ್ಕೆ ಜಿಗಿಸುತ್ತದೆ. ಅಂದರೆ ಲೋಲಕವನ್ನು ತಳ್ಳುವುದು ವಿದ್ಯುತ್ತಲ್ಲ, ಗುರುತ್ವಾಕರ್ಷಣೆ. ಬ್ಯಾಟರಿಯ ಬಲ ಸ್ವಲ್ಪ ಹೆಚ್ಚುಕಡಿಮೆಯಾದರೂ ತಳ್ಳುವಿಕೆ ಬದಲಾಗದು, ಸಮಯವೂ ಕೆಡದು. ಇದೇ ತತ್ವದ ಮೇಲೆ ವಿಲಿಯಂ ಹ್ಯಾಮಿಲ್ಟನ್ ಶಾರ್ಟ್ ರೂಪಿಸಿದ ಎರಡು ಲೋಲಕಗಳ ಗಡಿಯಾರ 1921ರ ಕೊನೆಯಲ್ಲಿ ಎಡಿನ್‌ಬರೊ ವೀಕ್ಷಣಾಲಯ ಸೇರಿತು. ವರ್ಷಕ್ಕೆ ಒಂದು ಸೆಕೆಂಡಿನ ಆಸುಪಾಸಿನ ನಿಖರತೆಯಿಂದಾಗಿ ಅದು ಜಗತ್ತಿನ ಅನೇಕ ವೀಕ್ಷಣಾಲಯಗಳಿಗೆ ಪ್ರಮಾಣವಾಯಿತು.

ಗುಜರಿಗೆ ಹೆಚ್ಚಾಗಿ ಬರುವುದು ಪ್ರಧಾನ ಗಡಿಯಾರವಲ್ಲ, ಅದರ ಅಧೀನ ಗಡಿಯಾರ. ಗುರುತಿಸುವ ಕ್ರಮ ಸರಳ. ಹಿಂಬದಿ ತೆರೆದಾಗ ಒಂದು ವಿದ್ಯುತ್ಕಾಂತ, ಅದರೆದುರು ತೂಗಾಡುವ ಆರ್ಮೇಚರ್, ಅದರ ಕೊಕ್ಕೆ, 120 ಹಲ್ಲುಗಳ ಒಂದು ಚಕ್ರ ಕಂಡರೆ ಅದು ಅರ್ಧ ನಿಮಿಷದ ಬ್ರಿಟಿಷ್ ಪದ್ಧತಿಯದು. ಆರ್ಮೇಚರನ್ನು ಬೆರಳಿನಿಂದ ಒಮ್ಮೆ ಒತ್ತಿಬಿಟ್ಟಾಗ ಮುಳ್ಳು ಅರ್ಧ ನಿಮಿಷ ಮುಂದೆ ಹೋದರೆ ಯಂತ್ರ ಆರೋಗ್ಯವಾಗಿದೆ ಎಂದರ್ಥ. ಅದರ ಸುರುಳಿಯ ರೋಧ ಕೆಲವೇ ಓಮ್‌ಗಳಷ್ಟಿರುತ್ತದೆ. ಏಕೆಂದರೆ ಇಲ್ಲಿ ಎಲ್ಲ ಗಡಿಯಾರಗಳನ್ನೂ ಒಂದರ ಹಿಂದೊಂದರಂತೆ ಸರಣಿಯಾಗಿ ಜೋಡಿಸಲಾಗಿರುತ್ತದೆ. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳ ಪದ್ಧತಿ ಬೇರೆ. ಅಲ್ಲಿ ಸಾಮಾನ್ಯವಾಗಿ ಮಿಡಿತ ನಿಮಿಷಕ್ಕೊಂದು, ಜೋಡಣೆ ಸಮಾಂತರ, ಸುರುಳಿಯ ರೋಧ ಹೆಚ್ಚು. ಅಷ್ಟೇ ಅಲ್ಲ, ಪ್ರತಿ ಮಿಡಿತಕ್ಕೂ ಧನ-ಋಣಗಳು ಅದಲುಬದಲಾಗಬೇಕು. ಅಂತಹ ಗಡಿಯಾರಕ್ಕೆ ಒಂದೇ ದಿಕ್ಕಿನ ಮಿಡಿತ ಕೊಟ್ಟರೆ ಮೊದಲ ಸಲ ಜಿಗಿದು ಎರಡನೆಯ ಸಲ ಸುಮ್ಮನಿರುತ್ತದೆ. ದುರಸ್ತಿಗಾರ ಯಂತ್ರ ಸಿಕ್ಕಿಕೊಂಡಿದೆ ಎಂದು ತಿಳಿದು ಬಿಚ್ಚತೊಡಗುತ್ತಾನೆ!

ಅರ್ಧ ನಿಮಿಷದ ಪದ್ಧತಿಯಲ್ಲಿ ವೋಲ್ಟಿಗಿಂತ ವಿದ್ಯುತ್ ಪ್ರವಾಹ ಮುಖ್ಯ. ಜೆಂಟ್ಸ್, ಸಿಂಕ್ರೊನೋಮ್ ಮಂಡಲಗಳು ಸುಮಾರು 0.22ರಿಂದ 0.35 ಆಂಪಿಯರ್ ಒಳಗೆ ಕೆಲಸ ಮಾಡುತ್ತವೆ. ಗಡಿಯಾರಗಳ ಸಂಖ್ಯೆ ಹೆಚ್ಚಿದಂತೆ ವೋಲ್ಟನ್ನು ಹೆಚ್ಚಿಸಿ, ಪ್ರವಾಹವನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಹಿಂದೆ ಇಪ್ಪತ್ತು ಗಡಿಯಾರಗಳಿಗೆ ಹೊಂದಿಸಿದ್ದ ಬ್ಯಾಟರಿಗೆ ಇಂದು ಉಳಿದ ಒಂದೇ ಗಡಿಯಾರವನ್ನು ನೇರವಾಗಿ ಜೋಡಿಸಿದರೆ ಪರಿಣಾಮವೇನೆಂದು ಹೇಳಬೇಕಾಗಿಲ್ಲ. ಒಂಟಿಯಾಗಿ ಉಳಿದ ಅಧೀನ ಗಡಿಯಾರವನ್ನು ಬದುಕಿಸಲು ಇಂದು ಉತ್ತಮ ಉಪಾಯವಿದೆ. ಮೂವತ್ತು ಸೆಕೆಂಡಿಗೊಮ್ಮೆ ಕಿರು ಮಿಡಿತ ಕೊಡುವ ಚಿಕ್ಕ ಎಲೆಕ್ಟ್ರಾನಿಕ್ ಮಂಡಲವನ್ನು ಸೆಲ್ಲಿನೊಂದಿಗೆ ಪೆಟ್ಟಿಗೆಯೊಳಗೆ ಇಟ್ಟರಾಯಿತು. ಮೂಲ ಯಂತ್ರದ ಒಂದು ತಿರುಪನ್ನೂ ಬದಲಿಸಬೇಕಾಗಿಲ್ಲ. ಎಲೆಕ್ಟ್ರಾನಿಕ್ಸ್ ಬಲ್ಲ ಯಾವ ಸಣ್ಣ ಘಟಕವೂ ಇದನ್ನು ತಯಾರಿಸಬಲ್ಲದು.

ಪ್ರಧಾನ ಗಡಿಯಾರದ ದುರಸ್ತಿಯಲ್ಲಿ ಕೆಡುಕಾಗುವುದು ಹೆಚ್ಚಾಗಿ ಸಾಗಣೆಯಲ್ಲಿ. ಲೋಲಕವನ್ನು ಕಳಚದೆ ಪೆಟ್ಟಿಗೆಯನ್ನು ಎತ್ತಿದರೆ ಅದು ನೇತಾಡುವ ತೆಳು ಉಕ್ಕಿನ ಪಟ್ಟಿ ಮಡಚಿಹೋಗುತ್ತದೆ. ಮಡಚಿದ ಪಟ್ಟಿಯನ್ನು ನೆಟ್ಟಗೆ ಮಾಡಿ ಬಳಸುವಂತಿಲ್ಲ. ಮುಂದೆ ಗೋಡೆಯ ವಿಚಾರ. ಪ್ಲೈವುಡ್ ವಿಭಜಕಕ್ಕೋ ಟೊಳ್ಳು ಗೋಡೆಗೋ ನೇತುಹಾಕಿದರೆ ಭಾರದ ಲೋಲಕ ಗೋಡೆಯನ್ನೇ ತೂಗಲಾರಂಭಿಸಿ ನಿಂತುಹೋಗುತ್ತದೆ. ಗಟ್ಟಿ ಇಟ್ಟಿಗೆಯ ಗೋಡೆಯೇ ಬೇಕು. ಸಮಯ ಹೊಂದಿಸುವಾಗ ಒಂದು ಲೆಕ್ಕ ನೆನಪಿರಲಿ: ಸೆಕೆಂಡಿನ ಲೋಲಕದ ಉದ್ದ ಒಂದು ಮಿಲಿಮೀಟರ್ ವ್ಯತ್ಯಾಸವಾದರೆ ದಿನಕ್ಕೆ ಸುಮಾರು 43 ಸೆಕೆಂಡ್ ವ್ಯತ್ಯಾಸವಾಗುತ್ತದೆ. ಇದರ ದಂಡ ಇನ್ವಾರ್ ಎಂಬ ಮಿಶ್ರಲೋಹದ್ದು. ಈ ಲೋಹವನ್ನು 1896ರಲ್ಲಿ ಕಂಡುಹಿಡಿದ ಶಾರ್ಲ್ ಎಡ್ವರ್ಡ್ ಗಿಯೋಮ್ ಅವರಿಗೆ 1920ರ ನೊಬೆಲ್ ಪ್ರಶಸ್ತಿ ಸಂದಿದೆ. ಸಾಧಾರಣ ಉಕ್ಕಿನ ದಂಡವಾದರೆ ಉಷ್ಣತೆ ಒಂದು ಡಿಗ್ರಿ ಏರಿದಾಗ ದಿನಕ್ಕೆ ಅರ್ಧ ಸೆಕೆಂಡ್ ಹಿಂದೆ ಬೀಳುತ್ತದೆ; ಇನ್ವಾರಿನಲ್ಲಿ ಅದರ ಒಂದು ಸಣ್ಣ ಅಂಶ ಮಾತ್ರ. ದಂಡ ತುಕ್ಕು ಹಿಡಿದಿದೆಯೆಂದು ಹೊಳೆಯುವ ಸ್ಟೀಲ್ ಸಲಾಕೆ ಹಾಕಿಸಿಕೊಂಡವರು ಏನನ್ನು ಕಳೆದುಕೊಂಡರೆಂಬುದು ಇದರಿಂದ ತಿಳಿಯುತ್ತದೆ.

ಸಂಪರ್ಕಬಿಂದುಗಳನ್ನು ಉಜ್ಜುಕಾಗದದಿಂದ ತಿಕ್ಕುವ ಅಭ್ಯಾಸ ನಮ್ಮ ದುರಸ್ತಿಗಾರರಲ್ಲಿ ವ್ಯಾಪಕವಾಗಿದೆ. ಆ ಬಿಂದುಗಳು ಬೆಳ್ಳಿಯವೋ ಪ್ಲಾಟಿನಮ್ಮಿನವೋ ಆಗಿರುತ್ತವೆ. ಸ್ಪಿರಿಟಿನಲ್ಲಿ ಅದ್ದಿದ ದಪ್ಪ ಕಾಗದದ ಪಟ್ಟಿಯನ್ನು ನಡುವೆ ಎಳೆದರೆ ಸಾಕು. ಎಣ್ಣೆಯನ್ನಂತೂ ಅಲ್ಲಿಗೆ ಸೋಕಿಸಲೇಬಾರದು.

ಬೀದಿಯ ವಿದ್ಯುತ್ತಿನಿಂದ ನಡೆಯುವವು

ಮೂರನೆಯ ಕುಟುಂಬದಲ್ಲಿ ಲೋಲಕವೂ ಇಲ್ಲ, ತೂಗುಚಕ್ರವೂ ಇಲ್ಲ. ಅಮೆರಿಕದ ಹೆನ್ರಿ ವಾರೆನ್ ತಾನಾಗಿ ಚಾಲನೆಗೊಳ್ಳುವ ಸಿಂಕ್ರೊನಸ್ ಮೋಟಾರನ್ನು ರೂಪಿಸಿದಾಗ, ವಿದ್ಯುತ್ ಕಂಪನಿಗಳ ಆವರ್ತನ ಸ್ಥಿರವಾಗಿಲ್ಲದ ಕಾರಣ ಗಡಿಯಾರ ಸಮಯ ತಪ್ಪುತ್ತಿತ್ತು. ಆತ ಗಡಿಯಾರವನ್ನು ತಿದ್ದಲು ಹೋಗಲಿಲ್ಲ. ವಿದ್ಯುತ್ ಕಂಪನಿಯನ್ನೇ ತಿದ್ದಿದ. 1916ರಲ್ಲಿ ಬಾಸ್ಟನ್ ನಗರದ ಉತ್ಪಾದನಾ ಕೇಂದ್ರದಲ್ಲಿ ಆತನ ಪ್ರಧಾನ ಗಡಿಯಾರ ಸ್ಥಾಪಿತವಾಗಿ, ಜನರೇಟರುಗಳ ವೇಗ ಅದಕ್ಕೆ ಸರಿಹೊಂದುವಂತೆ ನಡೆಯತೊಡಗಿತು. ಮುಂದೆ 'ಟೆಲಿಕ್ರಾನ್' ಹೆಸರಿನಲ್ಲಿ ಆತನ ಗಡಿಯಾರಗಳು ಲಕ್ಷಗಟ್ಟಲೆ ಮಾರಾಟವಾದವು. ತನ್ನ ಸರಕಿಗೆ ಮೊದಲು ಮಾರುಕಟ್ಟೆಯ ನೆಲವನ್ನೇ ಹದಮಾಡಿಕೊಂಡ ಇಂತಹ ಉದಾಹರಣೆ ವಾಣಿಜ್ಯ ಚರಿತ್ರೆಯಲ್ಲಿ ವಿರಳ. ಇದೇ ಉದ್ಯಮದ ಲಾರೆನ್ಸ್ ಹ್ಯಾಮಂಡ್ 1928ರಲ್ಲಿ ಗಡಿಯಾರದ ಕಂಪನಿ ಆರಂಭಿಸಿ, ಗಡಿಯಾರದ ಬೇಡಿಕೆ ಕುಸಿದಾಗ ಅದೇ ಸಿಂಕ್ರೊನಸ್ ಮೋಟಾರಿನಿಂದ ಸಂಗೀತವಾದ್ಯವನ್ನು ನಿರ್ಮಿಸಿದ. ಅದೇ ಜಗತ್ಪ್ರಸಿದ್ಧ ಹ್ಯಾಮಂಡ್ ಆರ್ಗನ್.

ನಮ್ಮಲ್ಲಿ ಕಾಣಸಿಗುವವು ಹೆಚ್ಚಾಗಿ ಬ್ರಿಟನ್ನಿನ ಸ್ಮಿತ್ಸ್ ಸಂಸ್ಥೆಯ 'ಸೆಕ್ಟ್ರಿಕ್' ಮುಂತಾದ 1930ರ ದಶಕದ ಹಾಗೂ ನಂತರದ ಮಾದರಿಗಳು. ಹಿಂಬದಿಯ ಫಲಕದಲ್ಲಿ 200-250 ವೋಲ್ಟ್, 50 ಸೈಕಲ್ಸ್ ಎಂಬ ಬರಹವಿರುತ್ತದೆ. ಇವುಗಳಲ್ಲಿ ಅನೇಕವು ತಾನಾಗಿ ಚಾಲನೆಗೊಳ್ಳುವುದಿಲ್ಲ. ಹಿಂಬದಿಯ ಗುಂಡಿಯನ್ನು ತಿರುಗಿಸಿಬಿಡಬೇಕು. ಇದು ದೋಷವಲ್ಲ, ಉದ್ದೇಶಪೂರ್ವಕ ವಿನ್ಯಾಸ. ವಿದ್ಯುತ್ ಹೋಗಿ ಬಂದ ಮೇಲೆ ತಪ್ಪು ಸಮಯ ತೋರಿಸುವುದಕ್ಕಿಂತ ನಿಂತೇ ಇರುವುದು ಪ್ರಾಮಾಣಿಕ ಎಂಬುದು ತಯಾರಕರ ವಾದ. ದಿನಕ್ಕೆ ನಾಲ್ಕು ಸಲ ವಿದ್ಯುತ್ ಹೋಗುತ್ತಿದ್ದ ನಮ್ಮ ಊರುಗಳಲ್ಲಿ ಈ ಪ್ರಾಮಾಣಿಕತೆ ಯಾರಿಗೂ ಬೇಕಿರಲಿಲ್ಲವೆಂಬುದು ಬೇರೆ ಮಾತು. ಇಂದಿಗೂ "ಪ್ಲಗ್ ಹಾಕಿದರೂ ಓಡುವುದಿಲ್ಲ" ಎಂದು ಮೂಲೆಗೆ ಬಿದ್ದ ಸ್ಮಿತ್ಸ್ ಗಡಿಯಾರಗಳಲ್ಲಿ ಕೆಲವಕ್ಕೆ ಬೇಕಾಗಿರುವುದು ಆ ಗುಂಡಿಯ ಒಂದು ತಿರುವು ಮಾತ್ರ.

ಆವರ್ತನದ ವಿಷಯ ವ್ಯಾಪಾರಿಗಳಿಗೆ ಇನ್ನೂ ಮುಖ್ಯವಾದದ್ದು. ಅಮೆರಿಕದ ಗಡಿಯಾರ 110-120 ವೋಲ್ಟಿನದು, 60 ಹರ್ಟ್ಜಿನದು. "ಒಂದು ಟ್ರಾನ್ಸ್‌ಫಾರ್ಮರ್ ಹಾಕಿದರೆ ಸರಿಹೋಗುತ್ತದೆ" ಎಂದು ಮಾರುವವರು ಅರ್ಧ ಸತ್ಯವನ್ನಷ್ಟೇ ಹೇಳುತ್ತಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸುತ್ತದೆ, ಆವರ್ತನವನ್ನು ಮುಟ್ಟುವುದಿಲ್ಲ. ನಮ್ಮ 50 ಹರ್ಟ್ಜಿನ ಪೂರೈಕೆಯಲ್ಲಿ ಆ ಗಡಿಯಾರ ಗಂಟೆಗೆ ಐವತ್ತು ನಿಮಿಷ ಮಾತ್ರ ನಡೆಯುತ್ತದೆ. ಒಂದು ದಿನದಲ್ಲಿ ನಾಲ್ಕು ಗಂಟೆ ಹಿಂದೆ ಬೀಳುತ್ತದೆ. ಇದಕ್ಕೆ 60 ಹರ್ಟ್ಜ್ ಕೊಡುವ ಸಣ್ಣ ಇನ್ವರ್ಟರ್ ಬೇಕು, ಇಲ್ಲವೇ 50 ಹರ್ಟ್ಜಿಗೆಂದೇ ತಯಾರಾದ ಚಾಲಕಭಾಗ ಸಿಗಬೇಕು. ಕೊಳ್ಳುವ ಮೊದಲು ಫಲಕ ಓದಿದರೆ ಈ ತೊಡಕೇ ಇಲ್ಲ.

ನಮ್ಮ ಪೂರೈಕೆಯ ಆವರ್ತನವೂ ಬಹುಕಾಲ ಗಡಿಯಾರಕ್ಕೆ ಯೋಗ್ಯವಾಗಿರಲಿಲ್ಲ. ಬೇಡಿಕೆ ಹೆಚ್ಚಿ ಉತ್ಪಾದನೆ ಸಾಲದಾದಾಗ ಆವರ್ತನ ಕುಸಿಯುತ್ತದೆ. 49 ಹರ್ಟ್ಜಿನಲ್ಲಿ ದಿನವಿಡೀ ನಡೆದರೆ ಸಿಂಕ್ರೊನಸ್ ಗಡಿಯಾರ ಸುಮಾರು 29 ನಿಮಿಷ ಕಳೆದುಕೊಳ್ಳುತ್ತದೆ. ದಕ್ಷಿಣ ವಲಯದಲ್ಲಿ 2003ರ ಜನವರಿಯಿಂದ ಜಾರಿಗೆ ಬಂದ ಲಭ್ಯತೆ ಆಧಾರಿತ ದರ ಪದ್ಧತಿ ಶಿಸ್ತು ತಂದಿತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಡನೆ ಏಕತಾಳಕ್ಕೆ ಬಂದಿತು. ಈಗ ಆವರ್ತನವನ್ನು 49.90ರಿಂದ 50.05 ಹರ್ಟ್ಜ್ ಮಿತಿಯೊಳಗೆ ಇರಿಸುವುದು ನಿಯಮ. ಆದರೂ ಕೆಳಮಿತಿಯಲ್ಲೇ ದಿನವಿಡೀ ಉಳಿದರೆ ಸುಮಾರು ಮೂರು ನಿಮಿಷ ಹಿಂದೆ ಬಿದ್ದೀತು. ವಿದೇಶಗಳಲ್ಲೂ ಇದು ತಪ್ಪಿದ್ದಲ್ಲ. 2018ರ ಆರಂಭದಲ್ಲಿ ಸರ್ಬಿಯಾ ಮತ್ತು ಕೊಸೊವೊ ನಡುವಿನ ವಿದ್ಯುತ್ ವಿವಾದದಿಂದ ಯುರೋಪ್ ಖಂಡದ ಜಾಲದ ಆವರ್ತನ ಕುಗ್ಗಿ, ಅಲ್ಲಿನ ಒಲೆಗಳ, ರೇಡಿಯೊಗಳ ಗಡಿಯಾರಗಳು ಮಾರ್ಚ್ ವೇಳೆಗೆ ಸುಮಾರು ಆರು ನಿಮಿಷ ಹಿಂದುಳಿದವು.

ಈ ಗಡಿಯಾರಗಳ ಸಾಮಾನ್ಯ ಕಾಯಿಲೆ ಗದ್ದಲ. ಒಣಗಿದ ಎಣ್ಣೆಯಿಂದ ಗೊರಗೊರ ಸದ್ದು ಬರುತ್ತದೆ. ಟೆಲಿಕ್ರಾನಿನ ಚಾಲಕಭಾಗ ಎಣ್ಣೆ ತುಂಬಿದ ಮುಚ್ಚಿದ ಡಬ್ಬಿ. ಅದನ್ನು ಹದವಾಗಿ ಬಿಸಿಮಾಡಿ, ಹೊರಬಂದ ಅಚ್ಚಿನ ಸುತ್ತ ತೆಳುವಾದ ಎಣ್ಣೆಯಿಟ್ಟರೆ ತಣಿಯುವಾಗ ಅದು ತಾನಾಗಿ ಒಳಗೆ ಹೀರಲ್ಪಡುತ್ತದೆ. ಇತರ ಗಡಿಯಾರಗಳನ್ನು ಬಿಚ್ಚಿ, ತೊಳೆದು, ಅಚ್ಚುಗಳಿಗೆ ಮಾತ್ರ ಗಡಿಯಾರದ ಎಣ್ಣೆಯನ್ನು ಸೂಜಿಮೊನೆಯಷ್ಟು ಹಾಕಬೇಕು. ಕೊಬ್ಬರಿ ಎಣ್ಣೆ ಹಾಕಿದ ಗಡಿಯಾರಗಳನ್ನು ಈಗಲೂ ಕಾಣುತ್ತೇವೆ. ಮಾಗಿಯ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಬೇಸಿಗೆಯಲ್ಲಿ ಧೂಳನ್ನು ಸೇರಿಸಿಕೊಂಡು ಅಂಟಾಗುತ್ತದೆ.

ಜೀವಕ್ಕೆ ಸಂಬಂಧಿಸಿದ ಎರಡು ಮಾತು

ಬೀದಿ ವಿದ್ಯುತ್ತಿನ ಹಳೆಯ ಗಡಿಯಾರಗಳಲ್ಲಿ ಭೂಸಂಪರ್ಕವಿರುವುದಿಲ್ಲ. ರಬ್ಬರು ಹೊದಿಕೆಯ ತಂತಿ ಮುಟ್ಟಿದರೆ ಪುಡಿಯಾಗುತ್ತದೆ. ಲೋಹದ ಪೆಟ್ಟಿಗೆಯಾಗಿದ್ದರೆ ಹೊಸ ಮೂರು ತಂತಿಯ ವೈರ್ ಹಾಕಿಸಿ, ಪೆಟ್ಟಿಗೆಯನ್ನು ಅರ್ಥ್ ಮಾಡಿಸದೆ ಗೋಡೆಗೆ ಏರಿಸಬಾರದು. ಮೊದಲ ಚಾಲನೆಯನ್ನು ತಂತುವಿನ ಬಲ್ಬನ್ನು ಸರಣಿಯಲ್ಲಿಟ್ಟು ನೋಡುವುದು ಕ್ಷೇಮ. ಗಡಿಯಾರ ಎಳೆಯುವುದು ಎರಡು-ಮೂರು ವ್ಯಾಟ್ ಮಾತ್ರವಾದ್ದರಿಂದ ಬಲ್ಬು ಬೆಳಗಿದರೆ ಒಳಗೆ ಶಾರ್ಟ್ ಆಗಿದೆಯೆಂದೇ ಅರ್ಥ.

ಇನ್ನೊಂದು, ಕತ್ತಲಲ್ಲಿ ಹೊಳೆಯುವ ಅಂಕಿಗಳು. 1960ರ ದಶಕದವರೆಗಿನ ಅನೇಕ ಗಡಿಯಾರಗಳಲ್ಲಿ ಇವಕ್ಕೆ ರೇಡಿಯಂ ಬಣ್ಣ ಬಳಸಲಾಗಿದೆ. ಈಗ ಹೊಳೆಯುವುದಿಲ್ಲವೆಂದು ನಿರಾತಂಕರಾಗುವಂತಿಲ್ಲ. ಸವೆದಿರುವುದು ಹೊಳೆಯುವ ರಾಸಾಯನಿಕವೇ ಹೊರತು ರೇಡಿಯಂ ಅಲ್ಲ. ಅದರ ಅರ್ಧಾಯುಷ್ಯ ಸುಮಾರು 1,600 ವರ್ಷ. ಆ ಬಣ್ಣವನ್ನು ಕೆರೆಯುವುದು, ಊದುವುದು, ಉಜ್ಜುವುದು ಸಲ್ಲದು. ಗಾಜು ಮುಚ್ಚಿ ಹಾಗೆಯೇ ಬಿಡುವುದು ಲೇಸು.

ದುರಸ್ತಿಯ ಉದ್ಯಮ

1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆ ಆರಂಭವಾದಂದಿನಿಂದ ಈ ರಾಜ್ಯದಲ್ಲಿ ಸೂಕ್ಷ್ಮ ಯಂತ್ರಕುಶಲತೆಯ ಒಂದು ಪೀಳಿಗೆ ಬೆಳೆಯಿತು. ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಆ ಪೀಳಿಗೆಯ ಕೈಗಳಲ್ಲಿ ವಿದ್ಯೆ ಇನ್ನೂ ಇದೆ, ಕಲಿಯುವವರು ಕಡಿಮೆ. ಬಿಡಿಭಾಗಗಳಿಗಂತೂ ನಾವು ವಿದೇಶದ ಕಡೆ ನೋಡಬೇಕಾಗಿಲ್ಲ. 120 ಹಲ್ಲಿನ ಹಿತ್ತಾಳೆ ಚಕ್ರವನ್ನೋ ಸವೆದ ಕೊಕ್ಕೆಯನ್ನೋ ಮಾಡಿಕೊಡುವುದು ಪೀಣ್ಯದ ಒಂದು ವೈರ್‌ಕಟ್ ಘಟಕಕ್ಕೆ ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಬಿಡಿ ಸಂಖ್ಯೆಯಲ್ಲಿ: ಒಂದೇ ಚಕ್ರಕ್ಕಾಗಿ ಯಂತ್ರ ಹೊಂದಿಸಲು ಯಾರೂ ಒಪ್ಪುವುದಿಲ್ಲ. ನಾಲ್ಕೈದು ದುರಸ್ತಿಗಾರರು ತಮ್ಮ ಬೇಡಿಕೆಯನ್ನು ಒಟ್ಟುಗೂಡಿಸಿದರೆ ಮಾತ್ರ ಇದು ಸಾಧ್ಯ. ಸುರುಳಿ ಸುತ್ತುವ ಕೆಲಸವೂ ಹಾಗೆಯೇ. ಮೋಟಾರ್ ರಿವೈಂಡಿಂಗ್ ಅಂಗಡಿಗಳು ಊರೂರಿಗಿವೆ, ಕೂದಲೆಳೆಯ ತಂತಿ ಸುತ್ತುವ ಕೈ ಮಾತ್ರ ಅಪರೂಪ.

ಬೆಲೆಯ ಬಗ್ಗೆ ಹೇಳುವುದಾದರೆ, ಈ ಗಡಿಯಾರಗಳ ಮೌಲ್ಯವನ್ನು ಒಂದೇ ಏಟಿಗೆ ಇಳಿಸುವ ಕೆಲಸವೆಂದರೆ ಮೂಲ ಯಂತ್ರವನ್ನು ಕಿತ್ತೊಗೆದು ಕ್ವಾರ್ಟ್ಜ್ ಯಂತ್ರ ಕೂರಿಸುವುದು. ಗಡಿಯಾರ ಓಡುತ್ತದೆ, ಆದರೆ ಅದು ಆ ಗಡಿಯಾರವಲ್ಲ. ಮಾಸಿದ ಮುಖಫಲಕಕ್ಕೆ ಹೊಸ ಬಣ್ಣ ಬಳಿಯುವುದು, ತಯಾರಕರ ಹೆಸರಿನ ಫಲಕವನ್ನು ಹೊಳಪಿಗಾಗಿ ತಿಕ್ಕಿ ಅಕ್ಷರ ಅಳಿಸುವುದು, ಕ್ರಮಸಂಖ್ಯೆಯಿರುವ ಭಾಗವನ್ನು ಬದಲಿಸುವುದು ಇವೆಲ್ಲ ಅದೇ ಸಾಲಿಗೆ ಸೇರಿದವು. ಯಾವ ಕಟ್ಟಡದಿಂದ, ಯಾವಾಗ ಇಳಿಸಲಾಯಿತೆಂಬ ಒಂದು ಸಾಲಿನ ಲಿಖಿತ ದಾಖಲೆ ಹೊಳಪಿಗಿಂತ ಹೆಚ್ಚು ಬೆಲೆ ತರುತ್ತದೆ.

ರಫ್ತಿನ ಯೋಚನೆಯಿರುವವರು 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮವನ್ನು ಗಮನಿಸಬೇಕು. ನೂರು ವರ್ಷಕ್ಕೆ ಕಡಿಮೆಯಿಲ್ಲದ ಐತಿಹಾಸಿಕ ಆಸಕ್ತಿಯ ವಸ್ತುಗಳು ಅದರ ವ್ಯಾಪ್ತಿಗೆ ಬರುತ್ತವೆ. ಅವುಗಳ ಖಾಸಗಿ ರಫ್ತು ನಿಷಿದ್ಧ, ಒಳನಾಡಿನ ವ್ಯಾಪಾರಕ್ಕೂ ಪರವಾನಗಿ ಬೇಕು. 1914ಕ್ಕೆ ಮೊದಲಿನ ಯುರೇಕಾ ಈಗಾಗಲೇ ನೂರನ್ನು ದಾಟಿದೆ. 1930ರ ದಶಕದ ಸ್ಮಿತ್ಸ್ ಇನ್ನೂ ದಾಟಿಲ್ಲ. ನಡುವಿನವುಗಳ ತಯಾರಿಕೆಯ ವರ್ಷ ಖಚಿತವಿಲ್ಲದಿದ್ದರೆ ಸರಕು ಕಟ್ಟುವ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ, ಇದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯುವುದು ಒಳಿತು. ಬಂದರಿನಲ್ಲಿ ಸಿಕ್ಕಿಬಿದ್ದ ಮೇಲೆ ವಿವರಣೆ ಕೊಡುವುದು ದುಬಾರಿ.

ದುರಸ್ತಿಗೆ ಕೊಡುವವರು ಅಂಗಡಿಯವರಿಂದ ಎರಡನ್ನು ಕೇಳಿ ಪಡೆಯಬೇಕು: ಬದಲಿಸಿದ ಹಳೆಯ ಭಾಗಗಳೆಲ್ಲವೂ ಒಂದು ಪೊಟ್ಟಣದಲ್ಲಿ, ಮತ್ತು ಯಾವ ಭಾಗ ಮೂಲದ್ದು, ಯಾವುದು ಹೊಸದು, ಗಡಿಯಾರಕ್ಕೆ ಬೇಕಾದ ವೋಲ್ಟ್ ಎಷ್ಟು ಎಂಬುದನ್ನು ಬರೆದ ಒಂದು ಚೀಟಿ. ಆ ಚೀಟಿಯನ್ನು ಪೆಟ್ಟಿಗೆಯ ಒಳಬಾಗಿಲಿಗೆ ಅಂಟಿಸಿಟ್ಟರೆ ಮುಂದೊಂದು ದಿನ ಪ್ಲಗ್ ಹಿಡಿದು ಬರುವವನ ಕಣ್ಣಿಗೆ ಅದೇ ಮೊದಲು ಬೀಳುತ್ತದೆ.